ಮೆಸ್ ವಾರ್ತೆಯಲ್ಲಿ ಶಶಿಯ ಸುದ್ದಿ

ಹಸಿ ಶೇಂಗಾ ಸಿಕ್ಕಿದರೆ ನನಗೆ ಬೇರೆ ಊಟ ಬೇಡ. ನಾನಿರುವುದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ಊರಿನಲ್ಲಿ, ಇಲ್ಲಿನ ಶನಿವಾರದ ಸಂತೆಯಲ್ಲಿ ಅದು ಸಿಗುವುದಿಲ್ಲ. ಟ್ರಾಮ್ ಹತ್ತಿ ಹೇಗ್‌ನಲ್ಲಿರುವ ಸುರಿನಾಮಿನವರ ಅಂಗಡಿಗೆ ಹೋಗಬೇಕು. ಹಾಗೆ ಹೋಗಿ ತಂದದ್ದನ್ನು ಇವತ್ತು ಬೆಳಿಗ್ಗೆ ಉಪ್ಪು ಹಾಕಿ ಬೇಯಿಸಿ, ಕುಕ್ಕರಿನ ಮುಚ್ಚಳ ತೆಗೆದು, ಆ ಮಣ್ಣಿನ ವಾಸನೆಗೆ ಮುಖವೊಡ್ಡಿ ನಿಂತಿದ್ದೆ. ಫೋನು ಟಿಣ್ ಎಂದಿತು. ನಮ್ಮ ಹಾಸ್ಟೆಲಿನ ಹಳೆಯ ಹುಡುಗಿಯರ ವಾಟ್ಸಾಪ್ ಗುಂಪಿನಲ್ಲಿ ಈ ತಿಂಗಳ ‘ಮೆಸ್ ವಾರ್ತೆ’ ಬಂದಿತ್ತು. ಓದುತ್ತಾ ಶಶಿಯ ಹೆಸರಿದ್ದ ಕಡೆ ಬಂದೆ ನೋಡಿ, ಮೈಯೆಲ್ಲ ಉರಿದುಹೋಯಿತು. ಅಲ್ಲಿ ಏನಿತ್ತು ಅಂತ ಹೇಳುತ್ತೇನೆ. ಈಗಲೇ ಹೇಳಿದರೆ ‘ಅಷ್ಟಕ್ಕೇ ಇವಳು ಯಾಕೆ ಇಷ್ಟು ಕೂಗಾಡುತ್ತಾಳೆ’ ಅಂದುಕೊಳ್ಳುತ್ತೀರಿ. ನನ್ನ ಗಂಡನೂ ಹಾಗೇ ಅಂದುಕೊಂಡು, “ನಿಂಗೆ ಕೋಪ ಮೂಗಿನ ತುದೀಲೇ ಇರುತ್ತೆ” ಎಂದು ಹೇಳಿ, ಸೈಕಲ್ಲಿಗೆ ಗಾಳಿ ಹೊಡೆಯುವ ನೆಪದಲ್ಲಿ ಹೊರಗೆ ಹೋದ.

ನಾವು ಕೃಷಿ ಕಾಲೇಜಿನ ಹುಡುಗಿಯರು. ಅಲ್ಲಿ ಪ್ರತಿಯೊಬ್ಬರಿಗೂ ಕಾಲೇಜಿನ ಹೊಲದಲ್ಲಿ ಒಂದೊಂದು ತುಂಡು ಜಾಗ ಕೊಡುತ್ತಿದ್ದರು. ಅಗೆಯುವುದರಿಂದ ಹಿಡಿದು ಕೊಯ್ಲಿನವರೆಗೆ ನಮ್ಮದೇ ಕೆಲಸ, ಬೆಳೆ ಬಂದಂತೆ ಮಾರ್ಕ್ಸು. ಹಾಗಾಗಿ ಹಾಸ್ಟೆಲಿನಲ್ಲಿ ಯಾರನ್ನೂ ಅಪ್ಪನ ಹೆಸರಿನಿಂದಾಗಲೀ ಮನೆತನದಿಂದಾಗಲೀ ಗುರುತಿಸುತ್ತಿರಲಿಲ್ಲ, ಬೆಳೆಯಿಂದ ಗುರುತಿಸುತ್ತಿದ್ದೆವು. ರಾಣೆಬೆನ್ನೂರಿನ ಶಶಿಕಲಾ ಶೇಂಗಾ ಶಶಿ. ಬೆಂಗಳೂರಿನ ಅನುರಾಧಾ ಬದನೆಕಾಯಿ ಅನು. ನಾನು ಮೂಲಂಗಿ. ಎಂಥ ಸೋಮಾರಿಗೂ ಮೂಲಂಗಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಹಾಕಿದ್ದೆ. ನನಗೆ ಬರೀ ಸೊಪ್ಪು ಬಂತು.

ಭಾನುವಾರ ಮಧ್ಯಾಹ್ನ ಮೆಸ್ಸಿನಲ್ಲಿ ವಾರ್ತೆ. ಅನು ಸಾಂಬಾರಿನ ಸೌಟು ಹಿಡಿದು ಬೆಂಚಿನ ಮೇಲೆ ನಿಂತು ರೇಡಿಯೋದವರ ಧಾಟಿಯಲ್ಲಿ ಓದುತ್ತಿದ್ದಳು. “ಶೇಂಗಾ ಹೂ ಬಿಟ್ಟಿದೆ. ಮೂಲಂಗಿ ಇನ್ನೂ ಎಲೆಯಲ್ಲೇ ಇದ್ದು, ಅದರ ಒಡತಿ ಹಗಲುಗನಸಿನಲ್ಲಿದ್ದಾಳೆ. ಬದನೆಗೆ ಕಾಯಿಕೊರಕ ಬಿದ್ದಿದೆ. ಆ ಬದನೆ ವಾರ್ತೆ ಓದುತ್ತಿರುವವಳದೇ.” ತನ್ನ ಬೆಳೆ ಹಾಳಾದದ್ದನ್ನೇ ಅವಳು ಎಲ್ಲಕ್ಕಿಂತ ಜೋರಾಗಿ ಓದುತ್ತಿದ್ದಳು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಮರುದಿನ ಬೆಳಗಾಗುವ ಹೊತ್ತಿಗೆ ಅದೇ ನಾವು ಅವಳ ಹೊಲದಲ್ಲಿ ಬಗ್ಗಿಕೊಂಡು ಹುಳ ಬಿದ್ದ ಕಾಯಿ ಕೀಳುತ್ತಿದ್ದೆವು. ಸುದ್ದಿ ಎಂದರೆ ನಮಗೆ ಅಷ್ಟೇ. ನೀನು ಏನು ಹಾಕಿದೆ, ಏನು ಕೆಟ್ಟಿತು, ಯಾರು ಬರಬೇಕು.

ಈಗಲೂ ವಾರ್ತೆ ಅನುವಿನದೇ. ಗುಂಪು ಕಟ್ಟಿದವಳು ಅವಳು, ತಿಂಗಳಿಗೊಮ್ಮೆ ಬಣ್ಣದ ಅಂಚು ಹಾಕಿ ಕಳಿಸುವವಳೂ ಅವಳೇ. ಅದರಲ್ಲಿ ಯಾರ ಸುದ್ದಿ ಇರುತ್ತದೆ ಅಂತೀರಿ? ಒಬ್ಬಳ ಗಂಡ ಡೈರೆಕ್ಟರ್ ಆದ. ಇನ್ನೊಬ್ಬಳ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿತು. ಮತ್ತೊಬ್ಬಳ ಮೈದುನ ಸೈಟು ಕೊಂಡ. ನಾವು ಓದಿದೆವು, ಮಣ್ಣು ಹೊತ್ತೆವು, ಕೆಲವರು ಚಿನ್ನದ ಪದಕ ಹಾಕಿಕೊಂಡು ಬಂದೆವು. ಆಮೇಲೆ ಎಲ್ಲಿ ಹೋದೆವೋ ಯಾರಿಗೂ ಗೊತ್ತಿಲ್ಲ. ಒಮ್ಮೆ ನನ್ನ ಹೆಸರಿನ ಕೆಳಗೆ ನನ್ನ ಗಂಡ ರಾಟರ್‌ಡ್ಯಾಮ್‌ನಲ್ಲಿ ಮ್ಯಾರಥಾನ್ ಓಡಿದ ಫೋಟೋ ಹಾಕಿದ್ದಳು. ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದ ನಾನು ಅರ್ಧಕ್ಕೆ ಕತ್ತರಿಸಿಹೋಗಿದ್ದೆ. ಅದಕ್ಕೂ ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದ್ದರು. ನಮ್ಮವರು ಓದುವುದಿಲ್ಲ, ಫೋಟೋ ಕಂಡರೆ ಚಪ್ಪಾಳೆ ಒತ್ತುತ್ತಾರೆ. ಒಬ್ಬಳ ಅತ್ತೆ ತೀರಿಕೊಂಡ ಸುದ್ದಿಗೂ ಚಪ್ಪಾಳೆ ಬಿದ್ದಿತ್ತು. ಅದು ಕೈತಪ್ಪಿ ಆದದ್ದೋ ಮನಸಾರೆ ಹೊಡೆದದ್ದೋ ವಿಚಾರಿಸಲು ನಾನು ಹೋಗಲಿಲ್ಲ.

ಹೋದ ಚಳಿಗಾಲದ ಒಂದು ವಾರ್ತೆಯಲ್ಲಿ ಹೀಗಿತ್ತು: ‘ನಮ್ಮ ಶಶಿಕಲಾಳ ಯಜಮಾನರಿಗೆ ಬಡ್ತಿ, ಸಿಂಗಪುರಕ್ಕೆ ವರ್ಗ. ಇನ್ನು ನಮ್ಮ ಶಶಿ ಸಿಂಗಪುರದ ಮಹಾರಾಣಿ.’ ಗಂಡ ಹೆಂಡತಿ ಟ್ಯುಲಿಪ್ ತೋಟದಲ್ಲಿ ನಿಂತ ಹಳೆಯ ಫೋಟೋ ಬೇರೆ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ.

ಆ ಮನುಷ್ಯ ಸಿಂಗಪುರಕ್ಕೆ ಹೋದದ್ದು ನಿಜ. ಹೋಗುವಾಗ ಹೆಂಡತಿಯನ್ನೂ ಶಾಲೆಗೆ ಹೋಗುವ ಮಗಳನ್ನೂ ಇಲ್ಲೇ ನಮ್ಮ ಪಕ್ಕದೂರು ಜೂಟರ್‌ಮೀರ್‌ನ ಬಾಡಿಗೆ ಮನೆಯಲ್ಲಿ ಬಿಟ್ಟು, ಇನ್ನು ಒಟ್ಟಿಗೆ ಇರಲು ಆಗುವುದಿಲ್ಲ ಎಂದು ಹೇಳಿ ಹೋಗಿದ್ದ. ಇದು ಆ ಗುಂಪಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ಯಾರಿಗೂ ಹೇಳಬೇಡ ಎಂದು ಶಶಿ ಮಾತು ತೆಗೆದುಕೊಂಡಿದ್ದಳು. ಗಂಡ ಹೋದದ್ದಷ್ಟೇ ಆಗಿದ್ದರೆ ಅತ್ತು ಸುಧಾರಿಸಿಕೊಳ್ಳಬಹುದಿತ್ತು. ಈ ದೇಶದಲ್ಲಿ ಶಶಿ ಇರುವ ಪರವಾನಗಿಯೇ ಅವನ ಕೆಲಸಕ್ಕೆ ಕಟ್ಟಿದ್ದು. ಅವನು ಹೋದಮೇಲೆ ಅವಳ ಹೆಸರಿನಲ್ಲೇ ಒಂದು ಕೆಲಸ ಸಿಗದಿದ್ದರೆ ತಾಯಿ ಮಗಳು ಗಂಟುಮೂಟೆ ಕಟ್ಟಬೇಕು. ಮಗಳ ಓದು ಇಲ್ಲಿ ಮುಗಿಯುವ ಹಂತದಲ್ಲಿತ್ತು, ಅದೂ ಡಚ್ ಭಾಷೆಯಲ್ಲಿ. ಶಶಿಯೋ, ಬೀಜ ವಿಜ್ಞಾನದಲ್ಲಿ ಪದಕ ತೆಗೆದುಕೊಂಡವಳು, ಗಂಡನ ವರ್ಗಾವಣೆಯ ಹಿಂದೆ ಊರೂರು ತಿರುಗಿ ಒಂದು ಕಡೆಯೂ ಕೆಲಸಕ್ಕೆ ನಿಲ್ಲಲಿಲ್ಲ.

ಅಷ್ಟೆಲ್ಲ ಚಪ್ಪಾಳೆಯ ಕೆಳಗೆ ಅವಳೇ ಬರೆದಿದ್ದಳು: ‘ಎಲ್ಲರಿಗೂ ಧನ್ಯವಾದಗಳು.’ ಪಕ್ಕದಲ್ಲಿ ಮುಗಿದ ಕೈ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಅನುವಿಗೆ ಫೋನ್ ಮಾಡಿದೆ.

“ಶಶಿ ಸುದ್ದಿ ಯಾರೇ ಕೊಟ್ರು ನಿಂಗೆ?”

“ಯಾರ್ ಕೊಡ್ಬೇಕು? ಅವಳ ಹಸ್ಬೆಂಡೇ ಆನ್‌ಲೈನಲ್ಲಿ ಹಾಕ್ಕೊಂಡಿದ್ರು, ಎತ್ತಿ ಹಾಕ್ದೆ.”

“ಅವಳನ್ನ ಒಂದ್ ಮಾತು ಕೇಳಿದ್ಯಾ?”

“ಅವಳೇ ಥ್ಯಾಂಕ್ಸ್ ಹೇಳಿದಾಳೆ. ನಿಂಗ್ಯಾಕೆ ಹೊಟ್ಟೆಯುರಿ?”

“ಗಂಡಂದು ಬಿಟ್ರೆ ನಮ್ಗೆ ಬೇರೆ ಸುದ್ದೀನೇ ಇಲ್ವಾ ಅನು?”

“ನೋಡು, ಗ್ರೂಪಲ್ಲಿ ಪಾಸಿಟಿವ್ ಆಗಿರ್ಬೇಕು. ಎಲ್ಲರ್ಗೂ ಅವರವರ ತಲೆನೋವು ಇದ್ದೇ ಇರುತ್ತೆ. ಅದನ್ನೆಲ್ಲ ಇಲ್ಲಿ ತಂದು ಸುರಿಯೋಕಾಗಲ್ಲ. ಇಡ್ತೀನಿ, ಹಾಲು ಉಕ್ತಿದೆ.”

ಬೆಂಚಿನ ಮೇಲೆ ನಿಂತು ತನ್ನ ಬದನೆಯ ಹುಳವನ್ನು ಊರಿಗೆಲ್ಲ ಸಾರಿದವಳು ಇವಳೇನಾ ಎಂದು ನನಗೆ ಅನುಮಾನ ಬಂತು. ಬಸ್ಸು ಹಿಡಿದು ಸೀದಾ ಜೂಟರ್‌ಮೀರ್‌ಗೆ ಹೋದೆ. ಶಶಿ ರೊಟ್ಟಿ ತಟ್ಟುತ್ತಿದ್ದಳು. ಮಗಳು ಸೋಫಾದ ಮೇಲೆ ಕಾಲು ಮಡಚಿಕೊಂಡು ಲ್ಯಾಪ್‌ಟಾಪ್ ನೋಡುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದೆ.

“ಯಾಕೆ ಧನ್ಯವಾದ ಅಂತ ಹಾಕ್ದೆ? ನಾಚಿಕೆ ಆಗ್ಲಿಲ್ವಾ ನಿಂಗೆ?”

“ಮತ್ತೇನ ಹಾಕ್ಲಿ? ಅಷ್ಟು ಮಂದಿ ಚಪ್ಪಾಳಿ ಹೊಡ್ಯಾಕತ್ತಾರ. ಅವರ ನಡುವ ನಿಂತು ನನ್ನ ಗಂಡ ಬಿಟ್ಟು ಹೋಗ್ಯಾನ್ರೀ ಅನ್ನಲೇನು?”

“ಅನ್ಬೇಕಿತ್ತು.”

“ನೀ ಆಗಿದ್ರ ಅಂತಿದ್ದೇನು?”

ನಾನು ಬಗ್ಗಿ ಚಪ್ಪಲಿ ಬಿಚ್ಚಿದೆ. ಸೋಫಾದಿಂದ ಮಗಳು ತಲೆಯೆತ್ತಿ, “ಅಮ್ಮಾ, ಹೂ ಆರ್ ದೀಸ್ ಪೀಪಲ್?” ಎಂದಳು.

“ನನ್ನ ಗೆಳತ್ಯಾರು. ಒಂದ ತಾಟಿನಾಗ ಉಂಡೀವಿ.”

“ದೆನ್ ವೈ ಡೋಂಟ್ ದೇ ನೋ?”

ಶಶಿ ತಟ್ಟುವುದನ್ನು ನಿಲ್ಲಿಸಿದಳು. ಮಗಳ ಕಡೆ ನೋಡಿದಳು, ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಕುಳಿತಳು. “ಬರಿ,” ಎಂದಳು. “ನೀ ಬರಿ, ನಾ ಹಾಕ್ತೀನಿ.”

ನನಗೆ ಬೇಕಾದದ್ದೂ ಅದೇ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದೆ. ಅವನು ಎಂಥ ಮೋಸಗಾರ, ಹೆಂಡತಿಯ ಬಾಳಿನ ಎಷ್ಟು ವರ್ಷ ನುಂಗಿ ನೀರು ಕುಡಿದ, ಯಾವ ಮುಖ ಹೊತ್ತು ಹೋದ, ಒಂದನ್ನೂ ಬಿಡಲಿಲ್ಲ. ಬರೆದು ಗಟ್ಟಿಯಾಗಿ ಓದಿದೆ. ಚೆನ್ನಾಗಿ ಬಂದಿದೆ ಅಂತ ಒಳಗೊಳಗೇ ಬೀಗಿದೆ ಕೂಡ. ಶಶಿ ಪೂರ್ತಿ ಕೇಳಿದಳು.

“ಇದರಾಗೂ ಅವನ ಅದಾನಲ್ಲ,” ಎಂದಳು. “ಹೊಗಳಿದ್ರೂ ಅವಂದ ಸುದ್ದಿ, ಬೈದ್ರೂ ಅವಂದ ಸುದ್ದಿ. ನಂದೆಲ್ಲೈತಿ?”

ನನಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಅನುವಿನ ಮೇಲೆ ಹಾರಾಡಿಕೊಂಡು ಬಂದವಳು ನಾನು. ಶಶಿ ಕೆಲಸ ಹುಡುಕುತ್ತಿದ್ದಾಳೆ ಎಂಬ ಒಂದು ಸಾಲು ಆ ಬೈಗುಳದಲ್ಲಿ ಎಲ್ಲೂ ಇರಲಿಲ್ಲ. ಅವಳು ತನ್ನ ಫೋನು ತೆಗೆದುಕೊಂಡು ತಾನೇ ಬರೆದಳು: ‘ನಾನು ಶಶಿಕಲಾ. ಬೀಜ ವಿಜ್ಞಾನ ಓದಿದವಳು. ನನಗೆ ನೆದರ್ಲೆಂಡ್ಸ್‌ನಲ್ಲಿ ತುರ್ತಾಗಿ ಕೆಲಸ ಬೇಕು. ಸಿಗದಿದ್ದರೆ ಈ ದೇಶ ಬಿಡಬೇಕು, ಮಗಳ ಓದು ನಡುವೆಯೇ ನಿಲ್ಲುತ್ತದೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.’

ಅದಕ್ಕೆ ಒಂದು ಚಪ್ಪಾಳೆಯೂ ಬೀಳಲಿಲ್ಲ, ಒಂದು ಮಾತೂ ಬರಲಿಲ್ಲ. ನಾವು ರೊಟ್ಟಿ ತಿಂದು ಮುಗಿಸುವಷ್ಟರಲ್ಲಿ ಅನು ಅದನ್ನು ಅಳಿಸಿಹಾಕಿದ್ದಳು. ‘ಗುಂಪಿನಲ್ಲಿ ಉದ್ಯೋಗದ ಪೋಸ್ಟ್ ಬೇಡ ಅಂತ ಮೊದಲೇ ಮಾತಾಗಿದೆ. ಶಶಿ, ಬೇಜಾರು ಮಾಡ್ಕೋಬೇಡ’ ಎಂದು ಕೆಳಗೆ ಒಂದು ಹೂವು ಇಟ್ಟಿದ್ದಳು. ಮೈದುನನ ಸೈಟಿಗೆ ಜಾಗವಿದೆ, ಹಾಸ್ಟೆಲಿನ ಹುಡುಗಿಯ ಅನ್ನಕ್ಕೆ ಜಾಗವಿಲ್ಲ. ಅವಳು ಆವತ್ತು ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಆ ಸಿಟ್ಟಿಗೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಅಳಿಸುವ ಮೊದಲು ಒಬ್ಬಳು ಓದಿದ್ದಳು, ಹರಿಹರದ ಶಾಹಿನ್. ನಮಗಿಂತ ಚಿಕ್ಕವಳು, ವಾಗೆನಿಂಗನ್‌ನ ಒಂದು ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಅವಳು ಈ ದೇಶದಲ್ಲೇ ಇದ್ದಾಳೆಂದು ನನಗೂ ಗೊತ್ತಿರಲಿಲ್ಲ, ಶಶಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಮದುವೆಯಾಗಿಲ್ಲ, ಮಕ್ಕಳಿಲ್ಲ, ಹಾಗಾಗಿ ವಾರ್ತೆಯಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ.

ಶಾಹಿನ್ ಶಶಿಗೆ ನೇರವಾಗಿ ಫೋನ್ ಮಾಡಿದಳು. “ಅಕ್ಕಾ, ನಮ್ಮ ಲ್ಯಾಬಿಗೆ ಒಬ್ಬರು ಬೇಕು. ನಾನು ಹೇಳ್ದೆ ಅಂತ ಕೊಡಲ್ಲ, ಗಟ್ಟಿ ಇಂಟರ್‌ವ್ಯೂ ಮಾಡ್ತಾರೆ. ಓದ್ಕೊಂಡು ಬನ್ನಿ, ಹೆದರ್ಬೇಡಿ.” ಶಶಿ ಓದಿದಳು, ಹೋದಳು, ಅವರು ಬೇಡವೆಂದರು. ಇಂಗ್ಲಿಷಿನಲ್ಲಿ ತಡವರಿಸಿದೆ ಎಂದು ಬಸ್‌ಸ್ಟಾಪಿನಿಂದಲೇ ನನಗೆ ಫೋನ್ ಮಾಡಿ ಅತ್ತಳು. ಶಾಹಿನ್ ಬಿಡಲಿಲ್ಲ. ಇನ್ನೊಂದು ಜಾಗ ಖಾಲಿಯಾದಾಗ ಮತ್ತೆ ಕರೆದಳು. ನಡುವೆ ದಿನವೂ ಸಂಜೆ ಶಶಿಯ ಮಗಳು ಮೇಜಿನ ಆ ಕಡೆ ಕೂತು, ಡಚ್ ಅಧಿಕಾರಿಯ ಹಾಗೆ ಮುಖ ಬಿಗಿದುಕೊಂಡು, ಅಮ್ಮನಿಗೆ ಪ್ರಶ್ನೆ ಕೇಳುತ್ತಿದ್ದಳು. ಪರವಾನಗಿ ಮುಗಿಯಲು ಇನ್ನೇನು ಬಂತು ಅನ್ನುವಾಗ ಕೆಲಸ ಸಿಕ್ಕಿತು. ಈಗ ಪರವಾನಗಿ ಅವಳ ಹೆಸರಿನಲ್ಲೇ ಇದೆ. ಮಗಳು ಅದೇ ಶಾಲೆಯಲ್ಲಿದ್ದಾಳೆ.

ಇನ್ನು ಇವತ್ತಿನ ವಾರ್ತೆಯಲ್ಲಿ ಇದ್ದದ್ದು ಕೇಳಿ. ‘ನಮ್ಮ ಶಶಿಕಲಾಗೆ ವಾಗೆನಿಂಗನ್‌ನಲ್ಲಿ ಕೆಲಸ. ಯಜಮಾನರು ಸಿಂಗಪುರದಲ್ಲಿ, ಶಶಿ ನೆದರ್ಲೆಂಡ್ಸ್‌ನಲ್ಲಿ. ಹೆಂಡತಿಯ ಬೆನ್ನಿಗೆ ನಿಂತ ಯಜಮಾನರಿಗೂ ಅಭಿನಂದನೆ.’ ಅದೇ ಟ್ಯುಲಿಪ್ ತೋಟದ ಫೋಟೋ. ಆಗಲೇ ಚಪ್ಪಾಳೆ ಶುರುವಾಗಿತ್ತು. ಈಗ ಹೇಳಿ, ನಾನು ಕೂಗಾಡಿದ್ದು ತಪ್ಪೇ?

ಒಲೆಯ ಮುಂದೆ ನಿಂತೇ ಟೈಪ್ ಮಾಡತೊಡಗಿದ್ದೆ. ಅಷ್ಟರಲ್ಲಿ ಶಶಿಯೇ ಬರೆದಳು.

‘ಅನು, ತಿದ್ದಿಕೊ. ಅವರು ನಮ್ಮನ್ನು ಬಿಟ್ಟುಹೋಗಿ ವರ್ಷವಾಯಿತು. ಬೆನ್ನಿಗೆ ನಿಂತವಳು ಶಾಹಿನ್. ಕೆಲಸ ನಾನು ಗಳಿಸಿದ್ದು.’

ಚಪ್ಪಾಳೆ ನಿಂತುಹೋಯಿತು. ಒತ್ತಿದವರಲ್ಲಿ ಕೆಲವರು ವಾಪಸ್ ತೆಗೆದುಕೊಂಡರು. ಆಗ ನನ್ನ ಫೋನಿನಲ್ಲಿ ಅನುವಿನ ಹೆಸರು ಬಂತು. ಬರಲಿ ಎಂದುಕೊಂಡೆ. ವರ್ಷದಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತುಗಳೆಲ್ಲ ನಾಲಿಗೆಯ ಮೇಲಿದ್ದವು.

“ಶಶಿ ಹಾಕಿದ್ದು ನೋಡ್ದ್ಯಾ?” ಎಂದಳು.

“ನೋಡ್ದೆ. ಅದನ್ನೂ ಅಳಿಸಿದ್ಯೋ, ನಿನ್ನ ಸುಮ್ನೆ ಬಿಡಲ್ಲ.”

“ಅಳ್ಸಲ್ಲ.”

ಫೋನು ಕಡಿದುಹೋಯಿತೇನೋ ಎಂದು ತೆಗೆದು ನೋಡಿದೆ. ಇಲ್ಲ, ಅವಳು ಇದ್ದಳು.

“ಹಂಗೆ ಬರೀಬಹುದಾ ಕಣೇ?” ಎಂದು ಕೇಳಿದಳು.

ಅದು ಆಕ್ಷೇಪಣೆಯಾಗಿರಲಿಲ್ಲ. ಗೊತ್ತಿಲ್ಲದವಳು ಗೊತ್ತಿದ್ದವಳನ್ನು ಕೇಳುವ ಹಾಗೆ ಕೇಳಿದ್ದಳು, ಅದೂ ಇಷ್ಟು ಸಣ್ಣ ದನಿಯಲ್ಲಿ. ಅಷ್ಟು ವರ್ಷದ ವಾರ್ತೆಯಲ್ಲಿ ಅನುವಿನ ಗಂಡನ ಸುದ್ದಿ ನಾನು ಎಷ್ಟು ಸಲ ಓದಿದ್ದೆ, ಅನುವಿನ ಸುದ್ದಿ ಒಂದು ಸಲವೂ ಕೇಳಿರಲಿಲ್ಲ. ಅವಳಿಗೂ ಬರೆಯದೆ ಉಳಿದ ಸುದ್ದಿಯೊಂದು ಇರಬೇಕು ಎಂದು ಆಗ ಹೊಳೆಯಿತು. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಈಗ ಅವಳ ಮೇಲೆ ಇರಲಿಲ್ಲ.

“ಬರೀಬಹುದು,” ಎಂದೆ.

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.