ನಾನು ಬರೆಯದೆ ಪಾಸಾದ ಪರೀಕ್ಷೆ

ನನಗೂ ನನ್ನ ದೊಡ್ಡಣ್ಣನ ಮಗಳಿಗೂ ಒಂದೇ ಹೆಸರು. ಇದು ಯಾರದೋ ಕೈತಪ್ಪಿನಿಂದ ಆದದ್ದಲ್ಲ, ಹಟದಿಂದ ಆದದ್ದು. ಅಪ್ಪನ ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮೊದಲು ಹುಟ್ಟುವ ಹೆಣ್ಣುಮಗುವಿಗೆ ಅವಳ ಹೆಸರಿಡಬೇಕೆಂದು ಮಾತಾಗಿತ್ತು. ಮೊದಲು ಹುಟ್ಟಿದವಳು ನಾನು, ಅವ್ವನ ಕೊನೆಯ ಮಗಳು. ಹತ್ತು ತಿಂಗಳ ನಂತರ ದೊಡ್ಡಣ್ಣನ ಹೆಂಡತಿ, ನಮ್ಮ ವೈನಿ, ಚೊಚ್ಚಲ ಮಗಳನ್ನು ಹೆತ್ತಳು. ಹಿರಿಯ ಮಗನ ಹಿರಿಯ ಮಗಳಿಗೇ ಆ ಹೆಸರು ಸಲ್ಲಬೇಕೆಂದು ವೈನಿ ಪಟ್ಟು ಹಿಡಿದಳು. ಇಟ್ಟ ಹೆಸರನ್ನು ಕಿತ್ತು ಕೊಡಲು ಅವ್ವ ಒಪ್ಪಲಿಲ್ಲ. ಶಹಾಬಾದದಿಂದ ಬಂದಿದ್ದ ಪಾದ್ರಿಯವರು ಇಬ್ಬರನ್ನೂ ಸಮಾಧಾನ ಮಾಡಲು ನೋಡಿ, ಸೋತು, ಅದೇ ಹೆಸರಿನಲ್ಲಿ ಆ ಮಗುವಿಗೂ ದೀಕ್ಷಾಸ್ನಾನ ಮಾಡಿಸಿ, ಊಟ ಮುಗಿಸಿ ರೈಲು ಹತ್ತಿದರು. ಅಂದಿನಿಂದ ಮನೆಯಲ್ಲಿ ನಾನು ದೊಡ್ಡಾಕಿ, ಅವಳು ಸಣ್ಣಾಕಿ. ಅವಳು ನನ್ನನ್ನು ಅತ್ತಿ ಎಂದು ಕರೆಯಬೇಕಿತ್ತು. ಜಗಳವಾದಾಗ ಮಾತ್ರ ಹಾಗೆ ಕರೆಯುತ್ತಿದ್ದಳು.

ಅಪ್ಪ ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ ಚರ್ಚಿನ ಸಭೆಯವರು ನಡೆಸುತ್ತಿದ್ದ ಸಾಲಿಗೆ ಮಾಸ್ತರನಾಗಿದ್ದ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೆಲವೇ ವರ್ಷಗಳಲ್ಲಿ ಆ ಸಾಲಿ ಮುಚ್ಚಿತು. ಒಂದು ಕೈಗಂಟೆ, ಒಂದು ಗೋಡೆಯ ನಕಾಶೆ ಮತ್ತು ನಮ್ಮನ್ನೆಲ್ಲ ಕಟ್ಟಿಕೊಂಡು ಅಪ್ಪ ವಾಡಿಗೆ, ರೈಲ್ವೆಯಲ್ಲಿದ್ದ ದೊಡ್ಡಣ್ಣನ ಮನೆಗೆ ಬಂದ. ತನ್ನ ಕೈಯಲ್ಲಿ ಕಲಿಯದ ಮಕ್ಕಳು ಕೆಟ್ಟಂತೆಯೇ ಎಂಬುದು ಅವನ ಗಟ್ಟಿ ನಂಬಿಕೆ. ಹೀಗಾಗಿ ಅವನ ಕೊನೆಯ ಮೂವರು ಮಕ್ಕಳೂ ದೊಡ್ಡಣ್ಣನ ನಾಲ್ವರೂ ಊರ ಸಾಲಿಯ ಮುಖ ನೋಡದೆ, ನಡುಮನೆಯ ನೆಲದ ಮೇಲೆ ಒಟ್ಟಿಗೆ ಕೂತು ಓದಿದೆವು.

ನೆಲವೇ ನಮ್ಮ ಪಾಟಿ. ಶಹಾಬಾದದ ಫರ್ಸಿಕಲ್ಲು ಹಾಸಿದ್ದ ಮನೆ ಅದು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು ಹಂಚಿಕೆಯಾಗಿತ್ತು. ಯಾರದಾದರೂ ಭಾಗಾಕಾರ ಸಂದು ದಾಟಿ ಪಕ್ಕದ ಕಲ್ಲಿಗೆ ಹರಿದರೆ ಅಲ್ಲೇ ಮಾರಾಮಾರಿ. ಊಟದ ಹೊತ್ತಿಗೆ ವೈನಿ ಒದ್ದೆ ಬಟ್ಟೆ ತಂದು ನಮ್ಮ ವಿದ್ಯೆಯನ್ನೆಲ್ಲ ಒರೆಸಿ, ಅದರ ಮೇಲೆ ಗಂಗಾಳ ಇಡುತ್ತಿದ್ದಳು. ಬೆಳಗಿನ ಪ್ರಾರ್ಥನೆ ಮುಗಿದು ಗಂಟೆ ಹೊಡೆಯಿತೆಂದರೆ ನಾವು ಅಪ್ಪಾ ಎನ್ನುವಂತಿಲ್ಲ, ಅಣ್ಣನ ಮಕ್ಕಳು ಮುತ್ಯಾ ಎನ್ನುವಂತಿಲ್ಲ. ಎಲ್ಲರಿಗೂ ಅವನು ಮಾಸ್ತರ. ಮರೆತು ಮುತ್ಯಾ ಎಂದವರು ಮೂಲೆಯಲ್ಲಿ ನಿಲ್ಲಬೇಕು. ಗಂಟೆ ಮತ್ತೆ ಹೊಡೆದ ಮೇಲೆ ಅದೇ ಮುತ್ಯಾ ಅವರನ್ನು ಹೆಗಲ ಮೇಲೆ ಕೂಡಿಸಿಕೊಂಡು ಸ್ಟೇಷನ್ನಿಗೆ ಎಂಜಿನ್ ತೋರಿಸಲು ಒಯ್ಯುತ್ತಿದ್ದ.

ಅಪ್ಪನ ಸಾಲಿಗೆ ಒಂದು ಕಾಯಿದೆ ಇತ್ತು. ಪಾಠ ಕಲಿತವರು ಅದನ್ನು ತಮ್ಮ ಹಿಂದಿನವರಿಗೆ ಕಲಿಸಬೇಕು, ಅವರಿಗೆ ಬಂದ ಮೇಲೆಯೇ ಇವರಿಗೆ ಮುಂದಿನ ಪಾಠ. ಏಳು ಮಕ್ಕಳಿಗೆ ಒಬ್ಬ ಮಾಸ್ತರ ಇದ್ದಾಗ ಇದು ಒಳ್ಳೆಯ ಉಪಾಯವೇ. ನನ್ನ ಹಿಂದಿನವಳು ಸಣ್ಣಾಕಿ. ಅವಳಿಗೆ ಹಾಡು, ಹೊಲಿಗೆ, ಮಾತು ಎಲ್ಲ ಚೆನ್ನಾಗಿ ಬರುತ್ತಿದ್ದವು. ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಅವಳಿಗೆ ಭಿನ್ನರಾಶಿ ಬರಲೆಂದು ನಾನು ಒಂದಿಡೀ ಮಳೆಗಾಲ ಅಲ್ಲೇ ಕೊಳೆತೆ. ಜಾಣರಿಗೆ ಶಿಕ್ಷೆ ಕೊಡುವ ಕಾಯಿದೆ ಇದೆಂದು ಈಗ ಹೇಳುತ್ತೇನೆ. ಆಗ ಹಾಗನಿಸಿರಲಿಲ್ಲ. ಅಪ್ಪ ನನ್ನನ್ನು ತನ್ನ ಬಲಗೈ ಎಂದು ಪಾದ್ರಿಯವರ ಮುಂದೆ ಹೇಳಿದ ದಿನ ನನಗೆ ಅನ್ನ ಸೇರಲಿಲ್ಲ, ಅಷ್ಟು ಸಂತೋಷ. ಬರಬರುತ್ತ ಚಿಕ್ಕವರ ಪಾಠವೆಲ್ಲ ನನ್ನ ಪಾಲಿಗೆ ಬಂತು. ಅಪ್ಪ ಕುರ್ಚಿಯಲ್ಲಿ ಕೂತು ಗಂಟೆ ಹೊಡೆಯುತ್ತಿದ್ದ.

ನನಗೆ ಬೇಕಾಗಿದ್ದುದು ಒಂದೇ, ಏಳನೆಯ ಇಯತ್ತೆಯ ಪರೀಕ್ಷೆ. ಮನೆಯಲ್ಲಿ ಎಷ್ಟು ಓದಿದರೇನು, ಚಿತ್ತಾಪುರಕ್ಕೆ ಹೋಗಿ ಖಾಸಗಿಯಾಗಿ ಕಟ್ಟಿ ಪಾಸಾಗದಿದ್ದರೆ ಹೊರಗೆ ಕವಡೆ ಕಿಮ್ಮತ್ತಿಲ್ಲ. ನನ್ನ ಮೇಲಿನ ಇಬ್ಬರು ಅಣ್ಣಂದಿರು ಹಾಗೆಯೇ ಕಟ್ಟಿ ಪಾಸಾಗಿ ಮನೆ ಬಿಟ್ಟಿದ್ದರು. ದೂರದ ಒಂದು ದವಾಖಾನೆಯಲ್ಲಿ ಏಳನೆಯದು ಪಾಸಾದ, ವಯಸ್ಸು ತುಂಬಿದ ನಮ್ಮ ಸಭೆಯ ಹುಡುಗಿಯರಿಗೆ ನರ್ಸ್ ತರಬೇತಿ ಕೊಡುತ್ತಿದ್ದರು. ವೈನಿಯ ತಮ್ಮ ಅಲ್ಲಿ ಕೆಲಸಕ್ಕಿದ್ದ. ನಾನೂ ಸಣ್ಣಾಕಿಯೂ ಒಟ್ಟಿಗೆ ಪರೀಕ್ಷೆ ಕಟ್ಟುವುದು, ಒಟ್ಟಿಗೆ ನರ್ಸ್ ಆಗುವುದು ಎಂದು ಅಪ್ಪ ಎಂಟು ವರ್ಷ ಹೇಳಿಕೊಂಡು ಬಂದಿದ್ದ.

ಕಟ್ಟುವ ವರ್ಷ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಳು. ಅಪ್ಪ ನನ್ನನ್ನು ಕರೆದು, ಈ ವರ್ಷ ಸಣ್ಣಾಕಿ ಒಬ್ಬಳೇ ಕಟ್ಟಲಿ, ಅವ್ವನನ್ನೂ ಚಿಕ್ಕವರನ್ನೂ ನೀನು ನೋಡಿಕೋ, ಮುಂದಿನ ವರ್ಷ ಖಂಡಿತ ನಿನ್ನದು ಎಂದ. ನಾನು ಅತ್ತೆ. ಅತ್ತು ಒಪ್ಪಿದೆ. ಕುರಿ ಕಟುಕನನ್ನೇ ನಂಬುತ್ತದಂತೆ. ಒಪ್ಪಿದ್ದಷ್ಟೇ ಅಲ್ಲ, ಆ ಮೂರು ತಿಂಗಳು ಸಣ್ಣಾಕಿಯನ್ನು ಕೂಡಿಸಿಕೊಂಡು ಲೆಕ್ಕ ತಿದ್ದಿದೆ. ಪರೀಕ್ಷೆಯ ದಿನ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಅವಳು ನನ್ನ ಕುತ್ತಿಗೆಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಪರೀಕ್ಷೆಯ ಹೆದರಿಕೆ ಎಂದುಕೊಂಡೆ. ಅಪ್ಪ ಅವಳನ್ನು ಪ್ಯಾಸೆಂಜರ್ ರೈಲಿಗೆ ಹತ್ತಿಸಿಕೊಂಡು ಹೋದ ಮೇಲೆ, ಚಿಕ್ಕವರನ್ನೆಲ್ಲ ಮೊಣಕಾಲೂರಿಸಿ, ಅವಳು ಪಾಸಾಗಲೆಂದು ಪ್ರಾರ್ಥನೆ ಮಾಡಿಸಿದವಳು ನಾನೇ.

ಅವಳು ಪಾಸಾದಳು. ಸೋದರಮಾವನ ಜೊತೆ ದವಾಖಾನೆಗೆ ಹೋದಳು.

ಮುಂದಿನ ವರ್ಷ ಅರ್ಜಿ ತುಂಬುವ ಕಾಲ ಬಂದಾಗ ಅಪ್ಪ ಇವತ್ತು ನಾಳೆ ಎನ್ನತೊಡಗಿದ. ಅರ್ಜಿಯ ಜೊತೆ ಹುಟ್ಟಿದ ದಿನಕ್ಕೆ ಸಾಕ್ಷಿಯಾಗಿ ದೀಕ್ಷಾಸ್ನಾನದ ಪತ್ರ ಇಡಬೇಕಿತ್ತು. ನನ್ನ ಪತ್ರ ಎಲ್ಲೋ ಇಟ್ಟಿದ್ದೇನೆ, ಸಿಗುತ್ತಿಲ್ಲ ಎಂದ. ನಾನು ಕಾಯಲಿಲ್ಲ. ಅಷ್ಟರಲ್ಲಿ ಅವ್ವ ಎದ್ದು ಓಡಾಡುತ್ತಿದ್ದಳು. ಅವಳನ್ನು ಕರೆದುಕೊಂಡು ಶಹಾಬಾದಕ್ಕೆ ಹೋಗಿ, ಪಾದ್ರಿಯವರಿಂದ ರಿಜಿಸ್ಟರ್ ತೆಗೆಸಿ, ಹೊಸ ಪ್ರತಿ ಬರೆಸಿಕೊಂಡು ಬಂದೆ. ಮರುದಿನ ಚಿತ್ತಾಪುರಕ್ಕೆ ಹೊರಟಾಗ ಅವ್ವ, ನಿಮ್ಮಪ್ಪನೇ ಹೋಗಲಿ ಬಿಡು ಎಂದು ಎರಡು ಸಲ ಹೇಳಿದಳು. ಸೊಂಟದ ನೋವಿಗೆ ಹಾಗೆನ್ನುತ್ತಾಳೆಂದು ನಾನು ತಿಳಿದೆ.

ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ವಯಸ್ಸಾದವರು, ಸಾವಧಾನದ ಮನುಷ್ಯ. ನನ್ನ ಅರ್ಜಿ ನೋಡಿದರು, ಪತ್ರ ನೋಡಿದರು, ಹಿಂದಿನ ವರ್ಷದ ದಪ್ಪ ಪುಸ್ತಕ ತೆರೆದು ಬೆರಳಿಟ್ಟು ನೋಡಿದರು. ಆಮೇಲೆ ಕನ್ನಡಕ ಮೇಲೇರಿಸಿ ಕೇಳಿದರು, "ಹೋದ ವರ್ಷ ಪಾಸಾಗಿ ಬಿಟ್ಟೀಯಲ್ಲವ್ವಾ. ಮತ್ತ್ಯಾಕ ಕಟ್ಲಿಕತ್ತೀ?"

ಅದು ಸಣ್ಣಾಕಿ ಇರಬೇಕು, ನಮ್ಮಿಬ್ಬರಿಗೂ ಒಂದೇ ಹೆಸರು ಎಂದು ನಗುತ್ತ ಹೇಳಲು ಬಾಯಿ ತೆರೆದೆ. ಅವರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ಹೆಸರು ನಮ್ಮಿಬ್ಬರದೇ. ಆದರೆ ತಂದೆಯ ಹೆಸರಿನ ಜಾಗದಲ್ಲಿ ದೊಡ್ಡಣ್ಣನ ಹೆಸರಿರಲಿಲ್ಲ, ಅಪ್ಪನದಿತ್ತು. ಹುಟ್ಟಿದ ದಿನ ನನ್ನದಿತ್ತು. ಕೆಳಗೆ ಅಪ್ಪನ ಸಹಿ ಇತ್ತು. ದವಾಖಾನೆಯವರು ಕೇಳುವ ವಯಸ್ಸಿಗೆ ಸಣ್ಣಾಕಿ ಹತ್ತು ತಿಂಗಳು ಕಡಿಮೆ. ವೈನಿಯ ತಮ್ಮ ಹಿಡಿದಿಟ್ಟಿದ್ದ ಜಾಗ ಆ ವರ್ಷಕ್ಕೆ ಮಾತ್ರ. ಅದಕ್ಕೇ ಅಪ್ಪ ನನ್ನ ಪತ್ರ ಇಟ್ಟು, ಮೊಮ್ಮಗಳನ್ನು ಮಗಳೆಂದು ಬರೆಸಿ, ಅವಳನ್ನು ನಾನಾಗಿ ಪರೀಕ್ಷೆಗೆ ಕೂಡಿಸಿದ್ದ. ನಾನು ಅವ್ವನ ಕಡೆ ತಿರುಗಿದೆ. ಅವಳು ನೆಲ ನೋಡುತ್ತಿದ್ದಳು. ಅವಳಿಗೂ ಗೊತ್ತಿತ್ತು.

ಗುಮಾಸ್ತರು, ಬೇರೆ ಯಾರಾದರೂ ನಿನ್ನ ಹೆಸರಲ್ಲಿ ಬರೆದಿದ್ದರೆ ಹೇಳು, ಮೇಲಿನವರಿಗೆ ಬರೆಯುತ್ತೇನೆ ಎಂದರು. ಮೇಲಿನವರಿಗೆ ಬರೆದರೆ ಏನಾಗುತ್ತದೆಂದು ನನಗೆ ತಿಳಿಯಿತು. ಅಪ್ಪನಿಗೆ ಪೊಲೀಸರು, ಸಣ್ಣಾಕಿಗೆ ದವಾಖಾನೆಯಿಂದ ಗೇಟ್ ಪಾಸ್. ಅವ್ವ ನನ್ನ ಸೆರಗು ಹಿಡಿದಿದ್ದಳು. ಹೋದ ವರ್ಷ ಬರೆದವಳು ನಾನೇ, ಸರ್ಟಿಫಿಕೇಟು ಕಳೆದಿದೆ, ಅದಕ್ಕೇ ಮತ್ತೆ ಕಟ್ಟಬೇಕೆಂದುಕೊಂಡೆ ಎಂದೆ. ಅವರಿಗೆ ನಗು ಬಂತು. ಅಷ್ಟಕ್ಕೆ ಯಾರಾದರೂ ಪರೀಕ್ಷೆ ಬರೆಯುತ್ತಾರೆಯೇ, ಒಂದು ಅರ್ಜಿ ಕೊಡು, ನಕಲು ಪ್ರತಿ ತರಿಸಿಕೊಡುತ್ತೇನೆ ಎಂದು ಕಾಗದ ಮುಂದೆ ಮಾಡಿದರು. ನಾನು ಬರೆದುಕೊಟ್ಟೆ.

ಅಂದು ಸಂಜೆ ಮನೆಯಲ್ಲಿ ಅಪ್ಪನನ್ನು ಒಂದೇ ಒಂದು ಮಾತು ಕೇಳಿದೆ. ಚಿತ್ತಾಪುರಕ್ಕೆ ಬಂದು ನಿಜ ಹೇಳು, ನಾನು ಪರೀಕ್ಷೆ ಬರೆಯುತ್ತೇನೆ, ಇಷ್ಟೇ. ಸಣ್ಣಾಕಿಯ ಬಾಳು ಹಾಳಾಗುತ್ತದೆ ಎಂದ. ನನ್ನ ಬಾಳು ಎಂದೆ.

"ನಿನಗೆಲ್ಲಾ ಬರ್ತದವ್ವಾ. ಬರೋರಿಗಿ ಕಾಗದ ಯಾಕ ಬೇಕು? ಅಕಿಗಿ ಬೇಕಿತ್ತು." ನನ್ನ ಕಡೆ ನೋಡದೆ ಇನ್ನೊಂದು ಮಾತು ಸೇರಿಸಿದ. "ನೀನೂ ಹೋದ್ರ ಈ ಸಾಲಿ ಯಾರು ನಡಸ್ತಾರ?"

ಹಾಗೆ ನಿಜ ಹೊರಬಿತ್ತು. ನಾನು ಅವನ ಬಲಗೈ. ಬಲಗೈಯನ್ನು ಯಾರಾದರೂ ಕಡಿದು ದವಾಖಾನೆಗೆ ಕಳಿಸುತ್ತಾರೆಯೇ? ನನಗೆ ಮೈಯೆಲ್ಲ ಉರಿಯಿತು. ಅವನ ಮೇಲಷ್ಟೇ ಅಲ್ಲ, ಗೊತ್ತಿದ್ದೂ ನನ್ನ ಗಂಗಾಳಕ್ಕೆ ಬಡಿಸಿದ ವೈನಿಯ ಮೇಲೆ, ನೆಲ ನೋಡಿದ ಅವ್ವನ ಮೇಲೆ, ನನ್ನ ಹುಟ್ಟಿದ ದಿನವನ್ನು ಬಾಯಿಪಾಠ ಮಾಡಿಕೊಂಡು ನನ್ನ ಕುತ್ತಿಗೆಗೆ ಬಿದ್ದು ಅತ್ತವಳ ಮೇಲೆ. ಮರುದಿನದಿಂದ ಮಕ್ಕಳಿಗೆ ಪಾಠ ಹೇಳಿದೆ, ಅಪ್ಪನ ಜೊತೆ ಮಾತು ಬಿಟ್ಟೆ. ಗಂಟೆ ಹೊಡೆದಾಗ ಮಾಸ್ತರ ಎನ್ನುವುದನ್ನೂ ಬಿಟ್ಟೆ.

ಕೆಲವು ವಾರಗಳಿಗೆ ಟಪಾಲಿನಲ್ಲಿ ನಕಲು ಪ್ರತಿ ಬಂತು. ನನ್ನ ಹೆಸರು, ನನ್ನ ಹುಟ್ಟಿದ ದಿನ, ನನ್ನ ಅಪ್ಪನ ಹೆಸರು, ಎರಡನೆಯ ದರ್ಜೆಯಲ್ಲಿ ಪಾಸು. ನಾನು ಬರೆದಿದ್ದರೆ ಮೊದಲನೆಯ ದರ್ಜೆ ಬರುತ್ತಿತ್ತು. ಅದನ್ನು ಅಪ್ಪನ ಮುಂದೆ ಇಟ್ಟು, ಇದನ್ನು ತೋರಿಸಿ ನಾನೂ ಬೇರೆ ದವಾಖಾನೆಗೆ ಸೇರುತ್ತೇನೆ ಎಂದೆ. ಎಷ್ಟೋ ದಿನಗಳ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು ಅದು.

ಅಪ್ಪ ಕಾಗದವನ್ನು ಎರಡು ಸಲ ಓದಿದ. "ಇದು ತೋರಿಸಬ್ಯಾಡವ್ವಾ," ಎಂದ. "ನೀ ಬರೀದ ಪರೀಕ್ಷಾದ ಕಾಗದ ಅದ ಇದು. ಭಾಳ ಪಾಪ ಆಗ್ತದ."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಮುಖಕ್ಕೆ ಹೇಳಬೇಕೆಂದಿದ್ದೆ. ಆದರೆ ಅವನ ಕಣ್ಣು ನೋಡಿ ಕಾಗದ ಮಡಿಚಿಕೊಂಡೆ. ಅವನು ನಾಟಕ ಮಾಡುತ್ತಿರಲಿಲ್ಲ. ತಾನು ಮಾಡಿದ ಪಾಪವನ್ನು ತಾನು ಹೊರುತ್ತೇನೆಂದು ದೇವರ ಮುಂದೆ ಹೇಗೋ ಒಪ್ಪಂದ ಮಾಡಿಕೊಂಡಿದ್ದ. ಮಗಳು ಮಾತ್ರ ಕೆಡಬಾರದೆಂದು ನಿಜವಾಗಿ ಹೆದರಿದ್ದ.

ನಾನು ಎರಡು ದವಾಖಾನೆಗಳಿಗೆ ಅರ್ಜಿ ಬರೆಯಲು ಕೂತೆ. ಪಾಸಾದ ಪರೀಕ್ಷೆ ಎಂಬಲ್ಲಿಗೆ ಬಂದಾಗ ಎರಡು ಸಲವೂ ನನ್ನ ಕೈ ನಿಂತಿತು. ಗುಮಾಸ್ತರ ಮುಂದೆ ಮನೆಯವರಿಗಾಗಿ ಸುಳ್ಳು ಹೇಳಬಲ್ಲವಳಿಗೆ ತನಗಾಗಿ ಒಂದು ಸಾಲು ಬರೆಯಲಾಗಲಿಲ್ಲ. ಅರ್ಜಿಗಳನ್ನು ಹರಿದೆ. ಅಪ್ಪ ತೀರಿಕೊಳ್ಳುವವರೆಗೂ ಆ ಫರ್ಸಿಕಲ್ಲುಗಳ ಮೇಲೆ ಅಣ್ಣಂದಿರ ಮಕ್ಕಳಿಗೆ ಪಾಠ ಹೇಳಿದೆ. ಏಳು ಮಕ್ಕಳನ್ನು ಸಾಲಾಗಿ ಕೂಡಿಸಿ ಸುಳ್ಳು ಹೇಳಬಾರದೆಂದು ಅವನು ಕಲಿಸಿದ್ದ. ನೆಟ್ಟಗೆ ಕಲಿತವಳು ನಾನೊಬ್ಬಳೇ. ಅದಕ್ಕಾಗಿ ಅವನನ್ನು ನಾನಿನ್ನೂ ಕ್ಷಮಿಸಿಲ್ಲ.