ನರ್ಸಮ್ಮ ತಿದ್ದಿದ ಸಾಲು

ಮೊನ್ನೆ ಪಾನಕಕ್ಕೆ ಬೆಲ್ಲ ಕಾಯಿಸುತ್ತಿದ್ದಾಗ ಏಲಕ್ಕಿ ಡಬ್ಬಿಯಿಂದ ಚಕ್ಕೆಯ ಚೂರೊಂದು ಜಾರಿ ಬಿತ್ತು. ಆ ವಾಸನೆಗೆ ಕೈ ನಿಂತುಬಿಟ್ಟಿತು... ನರ್ಸಮ್ಮ ಫ್ಲಾಸ್ಕಿನಲ್ಲಿ ತರುತ್ತಿದ್ದ ಬಿಸಿ ಬೆಲ್ಲದ ನೀರಿನ ವಾಸನೆ.

ಅವರು ಕೊಲಂಬಿಯಾದವರು. ಎರಡು ಸಾವಿರದ ಹತ್ತರ ದಶಕದಲ್ಲಿ ಆಕ್ಲೆಂಡಿನ ಒಂದು ಆರೋಗ್ಯ ಕೇಂದ್ರಕ್ಕೆ ನಾನು ಕರಪತ್ರ ವಿನ್ಯಾಸ ಮಾಡುತ್ತಿದ್ದೆ; ಸ್ಪ್ಯಾನಿಷ್ ಮಾತಾಡುವ ಕುಟುಂಬಗಳಿಗಾಗಿ ಅಲ್ಲಿ ನರ್ಸ್ ಆಗಿದ್ದ ಅವರು ಅದನ್ನು ಸ್ಪ್ಯಾನಿಷಿನಲ್ಲಿ ಬರೆಯುತ್ತಿದ್ದರು. ಆ ಸಲದ ವಿಷಯ, ಮನೆಯೊಳಗಿನ ಹೊಡೆತ. ಇಂಗ್ಲಿಷ್ ಕರಡಿನಲ್ಲಿ 'ಪೊಲೀಸರಿಗೆ ಫೋನ್ ಮಾಡಿ, ಮನೆ ಬಿಡಿ' ಎಂದಿತ್ತು.

"ನಮ್ಮ ಹೆಂಗಸರು ಇದನ್ನ ಓದಿ ಮಡಚಿ ಇಟ್ಬಿಡ್ತಾರೆ," ಎಂದರು. ಅವರ ಇಂಗ್ಲಿಷ್ ನನ್ನ ನೆನಪಿನಲ್ಲಿ ಉಳಿದಿರುವುದು ನನ್ನ ಮೈಸೂರು ಕನ್ನಡವಾಗಿಯೇ. "ನಮ್ಮೂರಲ್ಲಿ ಪೊಲೀಸ್ ಅಂದ್ರೆ ಗಂಡನಿಗಿಂತ ಭಯ. ಮನೆ ಒಡೆದವಳು ಅಂತ ಹೆತ್ತ ತಾಯೀನೇ ಬೈತಾಳೆ. ಮೊದಲು ಅದಕ್ಕೆ ಉತ್ತರ ಕೊಡ್ಬೇಕು."

ಹಾಗೆ ತಿದ್ದಿದ ಸಾಲು, ಕನ್ನಡದಲ್ಲಿ ಹೇಳುವುದಾದರೆ, 'ಮನೆ ಒಡೆದದ್ದು ಹೊಡೆದ ಕೈ. ಹೊರಗೆ ಬಂದ ನೀನಲ್ಲ.'

ಹಿಲ್ಸ್‌ಬರೋ ಬಡಾವಣೆಯ ಸಭಾಂಗಣವೊಂದರಲ್ಲಿ, ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಅದನ್ನು ಓದಿದರು. ಇನ್ನೂ ಹುಡುಗಿಯಂತಿದ್ದ ಹೆಂಗಸೊಬ್ಬಳು ಎದ್ದು ಬಂದು ಅವರ ಪಕ್ಕ ನಿಂತು ಕುತ್ತಿಗೆಯ ಸ್ಕಾರ್ಫ್ ಬಿಚ್ಚಿದಳು. ಬೆರಳಿನ ಗುರುತುಗಳು ನೀಲಿಗಟ್ಟಿದ್ದವು.

ಅವಳ ಗಂಡ ಹಿಂದೆಯೇ ಕೂತಿದ್ದ. ಕಬ್ಬಿಣದ ಮಡಚುಕುರ್ಚಿ ಎತ್ತಿಕೊಂಡು ನುಗ್ಗಿದ. ನರ್ಸಮ್ಮ ಅವಳನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು. ಏಟು ಅವರ ಮುಖಕ್ಕೇ ಬಿತ್ತು. ಮೂಳೆ ಮುರಿದ ಸದ್ದು... ಮತ್ತೊಂದು ಏಟಿಗೆ ಕುಸಿದರು. ಕುಸಿದರೂ ಅವನ ಕಾಲನ್ನು ತಬ್ಬಿ ಹಿಡಿದಿದ್ದರು. ಅವನು ಬೂಟುಗಾಲಿನಿಂದ ಒದೆಯುತ್ತಲೇ ಇದ್ದ. ನಾನು ಆ ಹುಡುಗಿಯನ್ನು ಅಡುಗೆಕೋಣೆಗೆ ಎಳೆದು ಚಿಲಕ ಹಾಕಿದೆ. ಹೊರಗೆ ಗಂಡಸರು ಅವನನ್ನು ಕೆಡವಿಕೊಂಡು, ಪೊಲೀಸರು ಬರುವವರೆಗೆ ಮೇಲೆ ಕೂತಿದ್ದರು. ನೆಲದ ಮೇಲೆ ಕರಪತ್ರದ ಕರಡು ಪ್ರತಿಗಳೆಲ್ಲ ರಕ್ತಕ್ಕೆ ಅಂಟಿಕೊಂಡಿದ್ದವು.

ನರ್ಸಮ್ಮನ ಎಡಗಣ್ಣು ಹೋಯಿತು. ಆಸ್ಪತ್ರೆಯಲ್ಲಿ, "ಇದೆಲ್ಲ ಇಲ್ಲಿಗೇ ನಿಲ್ಲಿಸೋಣ, ಆಂಟಿ," ಎಂದು ನಾನು ಅತ್ತುಬಿಟ್ಟೆ. ಅವರ ದವಡೆಗೆ ತಂತಿ ಬಿಗಿದಿತ್ತು. ಹಲ್ಲುಗಳ ನಡುವಿನಿಂದಲೇ ಕೇಳಿದರು:

"ಅವಳೆಲ್ಲಿ?"

"ಸೇಫಾಗಿದ್ದಾಳೆ."

"ಹಾಗಾದ್ರೆ ಪ್ರಿಂಟ್ ಹಾಕ್ಸು."

ಹಾಕಿಸಿದೆವು. ಸಲೂನುಗಳಲ್ಲಿ, ಡೇರಿ ಎಂದು ಕರೆಯುವ ಬೀದಿ ಮೂಲೆಯ ಅಂಗಡಿಗಳಲ್ಲಿ, ಹೆಂಗಸರ ಶೌಚಾಲಯದ ಬಾಗಿಲುಗಳ ಒಳಮೈಗೆ ಅಂಟಿಸಿದೆವು. ಅದರಲ್ಲಿದ್ದ ನಂಬರಿಗೆ ಫೋನುಗಳು ಬರತೊಡಗಿದವು, ಒಕ್ಕಣ್ಣಿನ ನರ್ಸಮ್ಮನೇ ಎತ್ತುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ತಮ್ಮೂರಿಗೆ ಮರಳಿದರು...

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಆ ಹುಡುಗಿ ಈಗ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿದ್ದಾಳೆ. ಫೋನ್ ಮಾಡಿ ತಿಳಿಸಿದೆ. ಅವಳು ಕೇಳಿದಳು, "ಏಟು ಬೀಳೋಕೆ ಮುಂಚೆ ಅವರ ಮುಖ ಹೇಗಿತ್ತು? ಅವತ್ತು ನಾನು ಸರಿಯಾಗಿ ನೋಡ್ಲೇ ಇಲ್ಲ."

ಹೇಳಲು ಬಾಯಿ ತೆರೆದೆ. ಎರಡು ಕಣ್ಣುಗಳಿದ್ದ ಆ ಮುಖ ನನಗೂ ನೆನಪಾಗಲಿಲ್ಲ.