ಮೈಲಾಪೂರಿನ ಮೆಟ್ಟಿಲ ಮೇಲೆ ಜಪಾನಿನ ಭೂತ

ದಸರೆ ನೋಡಲು ದೇಶವೆಲ್ಲ ಮೈಸೂರಿಗೆ ಬರುವ ಹೊತ್ತಿನಲ್ಲಿ ನಾನು ಮೈಸೂರು ಬಿಟ್ಟು ಚೆನ್ನೈಗೆ ಹೊರಟೆ. ಪ್ಲಾಟ್‌ಫಾರ್ಮಿನಲ್ಲಿ ಇಳಿಯುವವರ ನೂಕುನುಗ್ಗಲು. ಸ್ಲೀಪರ್ ಬೋಗಿಯಲ್ಲಿ ಎದುರು ಕೂತಿದ್ದ ಹೆಂಗಸು, ಹಬ್ಬದ ಹೊತ್ತಿನಲ್ಲಿ ಊರು ಬಿಟ್ಟು ಎಲ್ಲಿಗೆ ಎಂದು ವಿಚಾರಿಸಿದರು. ಭೂತಗಳ ಪರವಾಗಿ ವಕಾಲತ್ತು ಮಾಡಲು ಹೋಗುತ್ತಿದ್ದೇನೆ ಎಂದೆ. ಮಂಡ್ಯ ದಾಟುವವರೆಗೆ ಅವರು ನನ್ನ ಕಡೆ ತಿರುಗಲಿಲ್ಲ.

ನಾನು ಹೇಳಿದ್ದು ಸುಳ್ಳೇನಲ್ಲ. ನಮ್ಮಣ್ಣ ಕೆಲಸದ ಮೇಲೆ ಚೆನ್ನೈಗೆ ಹೋಗಿ ಅಣ್ಣಾ ನಗರ್‌ನಲ್ಲಿ ನೆಲೆಸಿದವನು. ಅವನ ಮಗಳು ಮೈಥಿಲಿಗೆ ಆಗ ಹದಿನಾಲ್ಕು. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. ಜಪಾನಿನ ಒಂದು ಕಾರ್ಟೂನ್ ಧಾರಾವಾಹಿಯ ಹುಚ್ಚು ಹಿಡಿದಿತ್ತು ಅವಳಿಗೆ. ಅಲ್ಲಿಯ ಜನಪದ ಕಥೆಗಳ ಭೂತಗಳೂ ಮನುಷ್ಯರೂ ಒಂದೇ ಊರಿನಲ್ಲಿ ಜಗಳವಾಡಿಕೊಂಡು, ಒಬ್ಬರಿಗೊಬ್ಬರು ಆಗಿಕೊಂಡು ಬಾಳುವ ಕಥೆ. ವರ್ಷಗಟ್ಟಲೆಯಿಂದ ನಡೆಯುತ್ತಿದ್ದರೂ ಮುಗಿಯುವ ಸೂಚನೆಯಿಲ್ಲ. ಗೆಳತಿ ಕೊಟ್ಟ ಸೀಡಿಗಳನ್ನು ಹಾಕಿ, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲು ಓದುತ್ತ ನೋಡುತ್ತಿದ್ದಳು. ನೋಡಿದ್ದು ಸಾಲದೆಂದು ಬೇಸಿಗೆ ರಜೆಯಿಂದ ಕೂತು ಆ ಭೂತಗಳನ್ನೆಲ್ಲ ಜೇಡಿಮಣ್ಣಿನಲ್ಲಿ ಮಾಡಿದ್ದಳು. ಅವುಗಳನ್ನು ಮೈಲಾಪೂರಿನ ಅಜ್ಜಿ ನವರಾತ್ರಿಗೆ ಕಟ್ಟುವ ಗೊಂಬೆ ಮೆಟ್ಟಿಲ ಮೇಲೆ ಕೂರಿಸಬೇಕೆಂಬುದು ಅವಳ ಆಸೆ. ಅಜ್ಜಿ ಖಡಾಖಂಡಿತವಾಗಿ ಆಗದು ಎಂದಿದ್ದರು. ಫೋನಿನಲ್ಲಿ ಅತ್ತುಕೊಂಡು ನನ್ನನ್ನು ಕರೆಸಿಕೊಂಡಳು. ಶಾಲೆಯಲ್ಲಿ ಪಾಠ ಹೇಳುವ ಅತ್ತೆ ಮಾತಾಡಿದರೆ ಅಜ್ಜಿ ಕೇಳುತ್ತಾರೆಂದು ಅವಳ ನಂಬಿಕೆ.

ಬೆಳಿಗ್ಗೆ ಸೆಂಟ್ರಲ್‌ನಲ್ಲಿ ಇಳಿದಾಗಲೇ ಸೆಕೆ ಮೈಗೆ ಅಂಟಿಕೊಂಡಿತು. ಆಟೋದವನು ಹೇಳಿದ ಬಾಡಿಗೆ ಕೇಳಿ, ನಾನು ಅವನ ಆಟೋ ಕೊಳ್ಳಲು ಬಂದಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ರಸ್ತೆ ದಾಟಿ ಕಂಬಗಳ ಮೇಲಿನ ಹಳಿಗಳಲ್ಲಿ ಓಡುವ ಲೋಕಲ್ ರೈಲು ಹಿಡಿದೆ. ಟಿಕೆಟ್ಟಿಗೆ ಕೊಟ್ಟ ಹತ್ತರ ನೋಟಿಗೆ ಚಿಲ್ಲರೆ ವಾಪಸು ಬಂತು. ಬೋಗಿ ಖಾಲಿ, ಕಿಟಕಿಯಲ್ಲಿ ಕೂವಂ ಹೊಳೆಯ ವಾಸನೆ, ಆಮೇಲೆ ತಾರಸಿಗಳು, ಒಣಗಲು ಹಾಕಿದ ಸೀರೆಗಳು, ದೂರದಲ್ಲಿ ಗೋಪುರ. ಮೈಲಾಪೂರಿನಲ್ಲಿ ಮೈಥಿಲಿ ಕಾಯುತ್ತಿದ್ದಳು. ಮನೆಗೆ ಹೋಗುವ ಮೊದಲೇ ಇಬ್ಬರೂ ಒಂದು ಮೆಸ್ಸಿಗೆ ನುಗ್ಗಿ ಇಡ್ಲಿ, ಪೊಂಗಲ್, ಕಾಫಿ ಮುಗಿಸಿದೆವು. ವಾದಕ್ಕೆ ಇಳಿಯುವವಳ ಹೊಟ್ಟೆ ತುಂಬಿರಬೇಕು.

ಅಜ್ಜಿ ಎಂದರೆ ನಮ್ಮಣ್ಣನ ಅತ್ತೆ, ಪದ್ಮಾಬಾಯಿ. ನಾನು ಮಾಮಿ ಎನ್ನುತ್ತೇನೆ. ಅವರ ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವ ಮನೆತನ. ಕನ್ನಡ ಬಿಟ್ಟಿಲ್ಲ, ತಮಿಳು ಬೆರೆಸದೆ ಆಡುವುದೂ ಇಲ್ಲ. ಹಳೆಯ ಫ್ಲ್ಯಾಟಿನ ಹಜಾರದಲ್ಲಿ ಒಂಬತ್ತು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ ಆಗಿತ್ತು. ಆ ದಿನ ಅಮಾವಾಸ್ಯೆ, ಗೊಂಬೆ ಕೂರಿಸುವ ದಿನ. ನಾನು ರೈಲಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಮಾಮಿ ಪೂರ್ತಿ ಕೇಳಿಸಿಕೊಂಡರು. ಕೇಳಿ, "ಸರೋಜಾ, ನವರಾತ್ರೀಲಿ ಮನೆ ಒಳಗೆ ಪಿಶಾಚಿ ಕೂರಿಸು ಅಂತ ಹೇಳಕ್ಕೆ ಮೈಸೂರಿಂದ ಬಂದ್ಯಾ? ಸೆರಿ, ಹೋಗಿ ಸ್ನಾನ ಮಾಡು" ಎಂದರು. ವಕೀಲಿಕೆ ಅಲ್ಲಿಗೆ ಮುಗಿಯಿತು. ಮೈಥಿಲಿ ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತಳು.

ಮಧ್ಯಾಹ್ನ ದಶಾವತಾರದ ಸೆಟ್ಟು ಬಿಚ್ಚುವಾಗ ನೋಡಿದರೆ ಕೂರ್ಮಾವತಾರ ಎರಡು ಹೋಳು. ಭಿನ್ನವಾದದ್ದನ್ನು ಕೂರಿಸುವಂತಿಲ್ಲ, ಒಂಬತ್ತನ್ನೇ ಕೂರಿಸಿದರೆ ಅದು ದಶಾವತಾರವಲ್ಲ. ಮಾಮಿ ನಮ್ಮಿಬ್ಬರನ್ನೂ ದೇವಸ್ಥಾನದ ಸುತ್ತಿನ ಮಾಡ ಬೀದಿಗೆ ಓಡಿಸಿದರು. ಫುಟ್‌ಪಾತಿನ ಉದ್ದಕ್ಕೂ ಗೊಂಬೆಗಳು: ಮದುವೆ ದಿಬ್ಬಣ, ಕ್ರಿಕೆಟ್ ತಂಡ, ಅಂಗಡಿ ಇಟ್ಟ ಡೊಳ್ಳುಹೊಟ್ಟೆಯ ಚೆಟ್ಟಿಯಾರ್. ಬಿಡಿ ಕೂರ್ಮ ಮಾತ್ರ ಯಾರೂ ಕೊಡಲೊಲ್ಲರು. ಕೊಟ್ಟರೆ ಮಿಕ್ಕ ಒಂಬತ್ತನ್ನು ಯಾರಿಗೆ ಮಾರಲಿ ಎಂದು ಅಂಗಡಿಯಾಕೆ ನಮ್ಮನ್ನೇ ಕೇಳಿದಳು. ಬರಿಗೈಯಲ್ಲಿ ಬೆವರು ಸುರಿಸಿಕೊಂಡು ವಾಪಸಾದೆವು.

ಅಂದು ಭಾನುವಾರ, ನಾಲ್ಕೂವರೆಗೆ ರಾಹುಕಾಲ. ನಾವು ಬಾಗಿಲಿಗೆ ಬರುವಷ್ಟರಲ್ಲಿ ಮಾಮಿ ಆರತಿ ತಟ್ಟೆ ಹಿಡಿದು ಸಿದ್ಧರಾಗಿದ್ದರು. ಕಣ್ಣಿನ ಆಪರೇಷನ್ ಆಗಿ ತಿಂಗಳಾಗಿತ್ತು, ಹೊಸ ಕನ್ನಡಕ ಇನ್ನೂ ಬಂದಿರಲಿಲ್ಲ. "ಕೂರ್ಮ ತಂದು ಉಯ್ಯಾಲೆ ಮೇಲಿಟ್ಟು ಮತ್ತೆ ಎಲ್ಲಿ ಹೋದ್ರಿ? ನಾನೇ ಕೂರಿಸಿದೆ" ಎಂದರು. ನಾವು ಮುಖ ಮುಖ ನೋಡಿಕೊಂಡೆವು. ಮೆಟ್ಟಿಲ ಮೇಲೆ ಮತ್ಸ್ಯಕ್ಕೂ ವರಾಹಕ್ಕೂ ನಡುವೆ ಕೂತಿದ್ದದ್ದು ಬಣ್ಣ ಒಣಗಲೆಂದು ಮೈಥಿಲಿ ಉಯ್ಯಾಲೆಯ ಮೇಲೆ ಬಿಟ್ಟುಹೋಗಿದ್ದ ಕಪ್ಪಾ. ಅದು ಜಪಾನಿನ ಹೊಳೆಗಳಲ್ಲಿರುವ ಭೂತ. ಬೆನ್ನಿಗೆ ಆಮೆಯ ಚಿಪ್ಪು, ನೆತ್ತಿಯ ಮೇಲೆ ನೀರಿನ ತಟ್ಟೆ. ಮಾಮಿಯ ಮಂಜುಗಣ್ಣಿಗೆ ಚಿಪ್ಪಷ್ಟೇ ಕಂಡಿತ್ತು. ಮೈಥಿಲಿ ಬಾಯಿ ತೆರೆದಳು. ನಾನು ಅವಳ ಕೈ ಚಿವುಟಿದೆ. ಕಲಶ ಇಟ್ಟು ಆರತಿ ಎತ್ತಿದ ಮೇಲೆ ವಿಜಯದಶಮಿಯವರೆಗೆ ಯಾವ ಗೊಂಬೆಯನ್ನೂ ಅಲ್ಲಾಡಿಸುವಂತಿಲ್ಲ. ಆರತಿ ಆಯಿತು. ಗಟ್ಟಿಯಾಗಿ ಹಾಡಿದವಳು ನಾನೇ.

ಮಾರನೆಯ ದಿನ ಕನ್ನಡಕ ಬಂತು. ಮಾಮಿ ಮೆಟ್ಟಿಲ ಮುಂದೆ ಬಹಳ ಹೊತ್ತು ನಿಂತರು. ನಾನು ಅಡುಗೆಮನೆಯಲ್ಲಿ ಇಲ್ಲದ ಕೆಲಸ ಹುಡುಕಿಕೊಂಡೆ. ಬೈಗುಳ ಬರಲಿಲ್ಲ. ಮೊಮ್ಮಗಳನ್ನು ಕರೆದು, "ಇವನು ಯಾರು? ಹೇಳು" ಎಂದರು. ಮೈಥಿಲಿ ತಮಿಳಿನಲ್ಲಿ ಶುರುಮಾಡಿದಳು. "ನಿಮ್ಮತ್ತೆಗೂ ಪುರಿಯೋ ಹಾಗೆ ಕನ್ನಡದಲ್ಲಿ ಹೇಳು" ಎಂದರು. ಹುಡುಗಿ ತಡವರಿಸುತ್ತ, ಮಾತಿಗೆ ಮಾತು ಹುಡುಕುತ್ತ ಹೇಳಿದಳು: ಇವನ ಶಕ್ತಿಯೆಲ್ಲ ತಲೆಯ ಮೇಲಿನ ನೀರಿನಲ್ಲಿ. ನೀರು ಚೆಲ್ಲಿದರೆ ಸತ್ತ ಹಾಗೆ. ಆದರೂ ಎದುರಿಗಿದ್ದವರು ತಲೆಬಾಗಿ ನಮಸ್ಕಾರ ಮಾಡಿದರೆ ಇವನು ಸುಮ್ಮನಿರಲಾರ, ತಾನೂ ಬಾಗುತ್ತಾನೆ.

ಮಾಮಿ ಕನ್ನಡಕ ಸರಿಪಡಿಸಿಕೊಂಡು, ಏನು ತಿನ್ನುತ್ತಾನೆ ಎಂದರು. ಸೌತೆಕಾಯಿ ಎಂದರೆ ಪ್ರಾಣ ಎಂದಳು ಮೈಥಿಲಿ. ಆ ಸಂಜೆಯ ನೈವೇದ್ಯ ಹೆಸರುಬೇಳೆ ಸೌತೆಕಾಯಿ ಕೋಸಂಬರಿ. ಮಿಕ್ಕ ಭೂತಗಳನ್ನೂ ಮಾಮಿಯೇ ಕೇಳಿ ತರಿಸಿದರು. ಮೆಟ್ಟಿಲ ಮೇಲೆ ಜಾಗವಿರಲಿಲ್ಲ. ಮೆಟ್ಟಿಲ ಕೆಳಗೆ ನೆಲದಲ್ಲಿ ರಾಗಿ ಪೈರು ಬೆಳೆಸಿ ಮಾಡಿದ್ದ ಗೊಂಬೆ ಪಾರ್ಕಿನಲ್ಲಿ ಒಂಟಿಕಾಲಿನ ಕೊಡೆ, ಉದ್ದಕತ್ತಿನ ಹೆಂಗಸು, ನರಿಯ ಮದುವಣಗಿತ್ತಿ ಎಲ್ಲ ಬಂದು ಸೇರಿದವು. ಬೀದಿಯಲ್ಲಿ ಸುದ್ದಿ ಹಬ್ಬಿ ಮಕ್ಕಳು ಸಾಲುಗಟ್ಟಿದರು. ಸುಂಡಲಿಗೆ, ಎಂದರೆ ನಮ್ಮ ಉಸಲಿಗೆ, ನೆನೆಸಿದ ಕಡಲೆ ದಿನಾ ಸಾಲದಾಯಿತು. ಮೈಥಿಲಿ ಬಂದವರಿಗೆಲ್ಲ ಕಥೆ ಹೇಳಿದಳು, ಅವಳ ಗಂಟಲು ಕಟ್ಟಿದಾಗ ಮಾಮಿ ಹೇಳಿದರು. ಅವರ ಬಾಯಲ್ಲಿ ಕಪ್ಪಾ ನಾಲ್ಕು ದಿನಕ್ಕೇ ಮಧ್ವಮತದವನಾಗಿದ್ದ.

ಐದನೆಯ ದಿನ ಮಹಿಳಾ ಮಂಡಳಿಯವರು ಬಂದರು. ಮನೆಮನೆಯ ಗೊಂಬೆ ನೋಡಿ ಬಹುಮಾನ ಕೊಡುವವರು. ಮಾಮಿಗೆ ಮೊದಲ ಬಹುಮಾನ ಯಾವತ್ತೂ ಬಂದಿರಲಿಲ್ಲ. ಅಧ್ಯಕ್ಷಿಣಿ ರೇಷ್ಮೆ ಸೆರಗು ಹೊದ್ದು ಒಂದೊಂದೇ ಮೆಟ್ಟಿಲು ಪರೀಕ್ಷಿಸಿ, ದಶಾವತಾರದ ಮುಂದೆ ನಿಂತುಬಿಟ್ಟರು. ಎಲ್ಲ ಬಹಳ ಲಕ್ಷಣವಾಗಿದೆ, ಇದೊಂದನ್ನು ತೆಗೆದರೆ ಮೊದಲ ಬಹುಮಾನಕ್ಕೆ ಯೋಚಿಸಬಹುದು ಎಂದು ತಮಿಳಿನಲ್ಲಿ ಮೆಲ್ಲಗೆ ಸೂಚಿಸಿದರು. ತಾನೇ ತೆಗೆಯುತ್ತೇನೆ ಎಂದು ಮೈಥಿಲಿ ಕೈ ಚಾಚುವಷ್ಟರಲ್ಲಿ ಮಾಮಿ ಆ ಕೈ ಹಿಡಿದರು. ಅಧ್ಯಕ್ಷಿಣಿಗೆ ಕೊಟ್ಟ ಉತ್ತರ ತಮಿಳಿನಲ್ಲಿತ್ತು, ಆಮೇಲೆ ನನಗಾಗಿ ಅದನ್ನೇ ಕನ್ನಡದಲ್ಲಿ ಹೇಳಿದರು: "ಆರತಿ ಎತ್ತಿದ್ದು ನಾನು. ಕೂತವರನ್ನ ಎಬ್ಬಿಸಿ ಪ್ರೈಜ್ ತಗೊಳ್ಳೋ ಅಷ್ಟು ನಾನು ಬಡವಳಾಗಿಲ್ಲ."

ಅಧ್ಯಕ್ಷಿಣಿ ಮಾಮಿಯನ್ನು ನೋಡಿದರು, ಹುಡುಗಿಯನ್ನು ನೋಡಿದರು, ತಾವು ಉಯ್ಯಾಲೆಯ ಮೇಲೆ ಕೂತು, ಇವನ ಕಥೆ ಹೇಳು ಎಂದರು. ಮೈಥಿಲಿ ಹೇಳಿದಳು. ಕಥೆ ಮುಗಿಯುವ ಹೊತ್ತಿಗೆ ಮಂಡಳಿಯವರು ಎರಡನೆಯ ಸಲ ಕೋಸಂಬರಿ ಹಾಕಿಸಿಕೊಂಡಿದ್ದರು. ಹೊರಡುವಾಗ ಅಧ್ಯಕ್ಷಿಣಿ ಮೆಟ್ಟಿಲಿಗೆ ಕೈಮುಗಿದು, ಎರಡನೆಯ ಅವತಾರದ ಜಾಗದಲ್ಲಿದ್ದ ಕಪ್ಪಾನ ಮುಂದೆ ತಲೆಬಾಗಿಸಲು ಹೋಗಿ, ಸಟ್ಟನೆ ನೆಟ್ಟಗೆ ನಿಂತರು. ನೀರು ಚೆಲ್ಲಿಬಿಟ್ಟರೆ ಕಷ್ಟ ಎಂದರು.

ಮಹಾನವಮಿಯಂದು ಹಿತ್ತಾಳೆಯ ಜೋಡಿ ದೀಪ ಬಂತು, ಮೊದಲ ಬಹುಮಾನ. ನಾನು ಸಂತೋಷದಿಂದ ಅತ್ತೇಬಿಟ್ಟೆ. ಮಾಮಿ ದೀಪಗಳನ್ನು ಮೊಮ್ಮಗಳ ಕೈಗೆ ಕೊಟ್ಟು ಅಣ್ಣಾ ನಗರ್‌ಗೆ ಒಯ್ಯಲು ಹೇಳಿದರು.

ವಿಜಯದಶಮಿಯ ಮಾರನೆಯ ದಿನ ಗೊಂಬೆ ಇಳಿಸಿದೆವು. ಮೈಥಿಲಿ ತನ್ನ ಭೂತಗಳಿಗೆ ಶೂ ಡಬ್ಬ ತಂದಿದ್ದಳು. ಮಾಮಿ ಡಬ್ಬವನ್ನು ಪಕ್ಕಕ್ಕೆ ಸರಿಸಿ, ತೀರಿಹೋದ ಯಜಮಾನರ ಮೆತ್ತಗಾದ ಪಂಚೆಯೊಂದನ್ನು ಹರಿದು, ಭೂತಗಳನ್ನೆಲ್ಲ ಒಂದೊಂದಾಗಿ ಸುತ್ತಿ ತಮ್ಮ ಮರದ ಪೆಟ್ಟಿಗೆಯಲ್ಲೇ ಇಟ್ಟರು. ದೀಪ ಕೊಟ್ಟಾಗ ನಕ್ಕಿದ್ದ ಹುಡುಗಿ ಈಗ ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡಳು.

ಸಂಜೆ ಆಟೋ ಬಾಗಿಲಲ್ಲಿ ನಿಂತಿತ್ತು. ಮುಂದಿನ ವರ್ಷ ಮೈಸೂರಿನಿಂದ ಒಳ್ಳೆಯ ಕೂರ್ಮ ಮಾಡಿಸಿ ತರುತ್ತೇನೆ ಎಂದು ಮಾಮಿಯ ಕಾಲಿಗೆ ನಮಸ್ಕರಿಸಿದೆ.

"ತಂದು ಎಲ್ಲಿ ಕೂರಿಸ್ತೀಯಾ, ಸರೋಜಾ?" ಎಂದರು ಮಾಮಿ. "ಹತ್ತು ಜನಾನೂ ಇದಾರಲ್ಲ."